ಹೆಸರು ಹೇಳದ ದೂತರು

ಅವ್ವನಿಗೆ ಈಗ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಹಾಗಾಗಿ ರಾತ್ರಿ ಊಟ ಮುಗಿದ ಮೇಲೆ ಬೈಬಲಿನ ಒಂದು ಅಧ್ಯಾಯವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಅವಳು ಮಂಚದ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಾಳೆ. ಮಳೆಗಾಲದಲ್ಲಿ ನಾವು ನ್ಯಾಯಸ್ಥಾಪಕರು ಪುಸ್ತಕಕ್ಕೆ ಬಂದಿದ್ದೆವು. 13ನೇ ಅಧ್ಯಾಯ. ಇಸ್ರಾಯೇಲರ ವೀರ ಸಂಸೋನ ಹುಟ್ಟುವುದಕ್ಕೆ ಮುಂಚಿನ ಕಥೆ. ಮಕ್ಕಳಿಲ್ಲದ ಒಬ್ಬ ಹೆಂಗಸಿಗೆ ಯೆಹೋವನ ದೂತ ಕಾಣಿಸಿಕೊಂಡು ಮಗ ಹುಟ್ಟುತ್ತಾನೆ ಅನ್ನುತ್ತಾನೆ. ಅವಳು ಗಂಡ ಮಾನೋಹನಿಗೆ ಬಂದು ಹೇಳುತ್ತಾಳೆ. ಎಲ್ಲಿಯವನು ಅಂತ ನಾನು ಕೇಳಲಿಲ್ಲ, ಅವನೂ ಹೆಸರು ಹೇಳಲಿಲ್ಲ ಅನ್ನುತ್ತಾಳೆ. ಮಾನೋಹನಿಗೆ ಅಷ್ಟು ಸಾಲದು. ಆತ ಮತ್ತೆ ಬರಲಿ ಅಂತ ಪ್ರಾರ್ಥಿಸುತ್ತಾನೆ. ದೂತ ಮತ್ತೆ ಬರುತ್ತಾನೆ, ಆದರೆ ಬರುವುದು ಹೊಲದಲ್ಲಿ ಒಬ್ಬಳೇ ಕೂತಿದ್ದ ಹೆಂಡತಿಯ ಹತ್ತಿರವೇ. ಅವಳು ಓಡಿಹೋಗಿ ಗಂಡನನ್ನು ಕರೆತರುತ್ತಾಳೆ. ಮಾನೋಹ ಊಟಕ್ಕೆ ನಿಲ್ಲಿ, ಆಡಿನ ಮರಿ ಅಡಿಗೆ ಮಾಡಿಸುತ್ತೇನೆ ಅನ್ನುತ್ತಾನೆ. ನಿಮ್ಮ ಹೆಸರೇನು, ನಿಮ್ಮ ಮಾತು ನಿಜವಾದಾಗ ನಿಮ್ಮನ್ನು ಸನ್ಮಾನಿಸಬೇಕು ಅನ್ನುತ್ತಾನೆ. ದೂತ ಊಟ ಬೇಡ ಅನ್ನುತ್ತಾನೆ, ಅರ್ಪಿಸುವುದಿದ್ದರೆ ಯೆಹೋವನಿಗೆ ಅರ್ಪಿಸು ಅನ್ನುತ್ತಾನೆ. ನನ್ನ ಹೆಸರು ಯಾಕೆ ಕೇಳುತ್ತೀ, ಅದು ನಿನ್ನ ತಿಳಿವಿಗೆ ಮೀರಿದ್ದು ಅನ್ನುತ್ತಾನೆ. ಬಲಿಯ ಬೆಂಕಿ ಮೇಲಕ್ಕೆದ್ದಾಗ ಆ ಜ್ವಾಲೆಯಲ್ಲೇ ಏರಿ ಹೋಗಿಬಿಡುತ್ತಾನೆ.

ಅವ್ವ ಕಣ್ಣು ತೆರೆದಳು. "ಅಷ್ಟು ಪ್ರೀತಿಯಿಂದ ಕೇಳ್ಯಾನ. ಹೆಸರ ಹೇಳಿದ್ರ ಏನಾಗತಿತ್ತು ಅವಂಗ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ನೋಡೋಣು ಅವ್ವಾ" ಅಂತ ದೀಪ ಆರಿಸಿದೆ. ಆದರೆ ಪ್ರಶ್ನೆ ಬಿಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರ ಹೆಸರು, ಊರು ಕೇಳದೆ ಇರುವುದು ಅಗೌರವ. ಹೇಳದೆ ಹೋಗುವುದು ಇನ್ನೂ ದೊಡ್ಡ ಅಗೌರವ. ದೇವರ ಹತ್ತಿರದಿಂದ ಬಂದವನು ಹಾಗೆ ಯಾಕೆ ಮಾಡುತ್ತಾನೆ? ಸುಮ್ನೆ ಕಥೆಯ ಒಂದು ಅಲಂಕಾರ ಅಂತ ಬಿಡಲು ಮನಸ್ಸು ಒಪ್ಪಲಿಲ್ಲ. ದೂತರು ಬರುವ ಒಂದೊಂದೇ ಜಾಗವನ್ನು ಹುಡುಕಿ ಮತ್ತೆ ಓದತೊಡಗಿದೆ.

ಕರೆಯುವವರು

ಹಾಗೆ ಓದುವಾಗ ಕಂಡದ್ದು ಇದು. ತಮ್ಮ ಹೆಸರು ಹೇಳದ ಈ ದೂತರು ಹಲವು ಕಡೆ ಎದುರಿಗಿದ್ದವರನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಾರೆ.

ಹಾಗರಳ ಕಥೆಯನ್ನೇ ತೆಗೆದುಕೊಳ್ಳಿ. ಇಡೀ ಹೀಬ್ರೂ ಬೈಬಲಿನಲ್ಲಿ (ನಾವು ಹಳೆ ಒಡಂಬಡಿಕೆ ಅನ್ನುವುದು) ಯೆಹೋವನ ದೂತ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಅಬ್ರಹಾಮನಿಗೆ ಅಲ್ಲ, ಅವನ ಮನೆಯ ಐಗುಪ್ತದ ದಾಸಿಗೆ. ಆದಿಕಾಂಡ 16. ಯಜಮಾನಿಯ ಕಾಟ ತಾಳಲಾರದೆ ಬಸುರಿ ಹೆಂಗಸು ಮರುಭೂಮಿಗೆ ಓಡಿಹೋಗಿದ್ದಾಳೆ. ಶೂರಿನ ದಾರಿಯಲ್ಲಿ ಒಂದು ಬುಗ್ಗೆಯ ಹತ್ತಿರ ಕೂತಿದ್ದಾಳೆ. ಆ ಅಧ್ಯಾಯದಲ್ಲಿ ಯಜಮಾನಿ ಸಾರಯಳು (ಮುಂದೆ ಇವಳೇ ಸಾರಳು) ಮಾತಾಡುವಾಗ ಅವಳು "ನನ್ನ ದಾಸಿ". ಯಜಮಾನ ಅಬ್ರಾಮ (ಮುಂದೆ ಇವನೇ ಅಬ್ರಹಾಮ) ಮಾತಾಡುವಾಗ "ನಿನ್ನ ದಾಸಿ". ಅವಳ ಮುಂದೆ ನಿಂತು ಅವಳ ಹೆಸರನ್ನು ಬಾಯಿಬಿಟ್ಟು ಕರೆಯುವವನು ಈ ದೂತನೇ ಮೊದಲಿಗ. "ಸಾರಯಳ ದಾಸಿಯಾದ ಹಾಗರಳೇ, ಎಲ್ಲಿಂದ ಬಂದಿ? ಎಲ್ಲಿಗೆ ಹೋಗುತ್ತೀ?" ಅವಳನ್ನು ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿದಂತೆ ಕಾಣುವುದಿಲ್ಲ. ಆಮೇಲೆ ಅವನು ಹೇಳುವ ಮಾತು ನನಗೆ ಇವತ್ತಿಗೂ ಕಷ್ಟವಾಗುತ್ತದೆ. ಯಜಮಾನಿಯ ಹತ್ತಿರ ತಿರುಗಿ ಹೋಗು, ಅವಳಿಗೆ ತಗ್ಗಿ ನಡೆ ಅನ್ನುತ್ತಾನೆ. ಅದನ್ನು ಮೃದು ಮಾಡಿ ಓದಲು ನಾನು ತಯಾರಿಲ್ಲ. ಆದರೆ 21ನೇ ಅಧ್ಯಾಯದಲ್ಲಿ ಅವಳನ್ನು ಮಗುವಿನ ಜೊತೆ ಮನೆಯಿಂದಲೇ ಹೊರಗೆ ಹಾಕಿದಾಗ, ನೀರು ಮುಗಿದು ಮಗು ಸಾಯುವುದನ್ನು ನೋಡಲಾರೆ ಅಂತ ಅವಳು ದೂರ ಹೋಗಿ ಕೂತಾಗ, ಆಕಾಶದಿಂದ ಮತ್ತೆ ಅದೇ ಕರೆ ಬರುತ್ತದೆ. "ಹಾಗರಳೇ, ನಿನಗೇನಾಯಿತು? ಹೆದರಬೇಡ." ಸಾರಳು ಆಗಲೂ ಅವಳನ್ನು "ಈ ದಾಸಿ" ಅಂತಲೇ ಕರೆದು ಹೊರಗೆ ಹಾಕಿಸಿರುತ್ತಾಳೆ.

ಮೊರೀಯ ಬೆಟ್ಟದ ಮೇಲೆ ಅಬ್ರಹಾಮ ಮಗನನ್ನು ಬಲಿಕೊಡಲು ಕತ್ತಿ ಎತ್ತಿದಾಗ ದೂತ ಎರಡು ಸಲ ಹೆಸರು ಕೂಗಿ ಕೈ ತಡೆಯುತ್ತಾನೆ. ಯಬ್ಬೋಕ್ ಹೊಳೆಯ ದಂಡೆಯಲ್ಲಿ ರಾತ್ರಿಯೆಲ್ಲ ಯಾಕೋಬನ ಜೊತೆ ಹೋರಾಡಿದವನನ್ನು ಆದಿಕಾಂಡ "ಒಬ್ಬ ಮನುಷ್ಯ" ಅನ್ನುತ್ತದೆ. ಪ್ರವಾದಿ ಹೋಶೇಯ ಅವನನ್ನು ದೂತ ಅನ್ನುತ್ತಾನೆ. ಬೆಳಗಾಗುವ ಹೊತ್ತಿಗೆ ಅವನು "ನಿನ್ನ ಹೆಸರೇನು" ಅಂತ ಯಾಕೋಬನನ್ನು ಕೇಳಿ, ಇಸ್ರಾಯೇಲ್ ಅಂತ ಹೊಸ ಹೆಸರು ಕೊಡುತ್ತಾನೆ. ಒಂದು ಜನಾಂಗಕ್ಕೇ ಆ ಹೆಸರು ಉಳಿದುಬಿಟ್ಟಿದೆ. ಯಾಕೋಬ ತಿರುಗಿ "ನಿನ್ನ ಹೆಸರು ಹೇಳು" ಅಂದರೆ ಮಾತ್ರ ಮಾನೋಹನಿಗೆ ಸಿಕ್ಕ ಉತ್ತರವೇ. ಯಾಕೆ ಕೇಳುತ್ತೀ? ಅಷ್ಟು ಹೇಳಿ ಆಶೀರ್ವದಿಸಿ ಹೋಗುತ್ತಾನೆ. ಯಾಕೋಬ ಅಲ್ಲಿಂದ ಕುಂಟುತ್ತಾ ಹೊರಡುತ್ತಾನೆ.

ಎಲೀಯನ ಕಥೆಯಲ್ಲಿ ಹೆಸರಿನ ಮಾತೇ ಬರುವುದಿಲ್ಲ. ಆದರೂ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದು. ರಾಣಿ ಈಜೆಬೆಲಳಿಗೆ ಹೆದರಿ ಪ್ರವಾದಿ ಎಲೀಯ ಬೇರ್ಷೆಬದಿಂದ ಆಚೆಗೆ, ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವು ಕೇಳುತ್ತಾನೆ. ಸಾಕಾಯಿತು ಯೆಹೋವನೇ ಅನ್ನುತ್ತಾನೆ. ನಿದ್ದೆ ಹೋಗುತ್ತಾನೆ. ದೂತ ಅವನನ್ನು ಮುಟ್ಟಿ ಎಬ್ಬಿಸುತ್ತಾನೆ. ಧೈರ್ಯ ತಂದುಕೋ ಅನ್ನುವುದಿಲ್ಲ. ಹೀಗೆಲ್ಲ ಮಾತಾಡಬಾರದು ಅಂತ ಬುದ್ಧಿ ಹೇಳುವುದಿಲ್ಲ. "ಎದ್ದು ಊಟಮಾಡು" ಅನ್ನುತ್ತಾನೆ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಅದಕ್ಕೂ ಬೈಗುಳ ಇಲ್ಲ. ದೂತ ಎರಡನೇ ಸಲ ಬಂದು ಮುಟ್ಟುತ್ತಾನೆ. ಊಟಮಾಡು, ನಿನ್ನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅನ್ನುತ್ತಾನೆ. ಅಷ್ಟೇ ಅವನ ಸಂದೇಶ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾರಿಗೇ ಆದರೂ ಆ ಎರಡನೇ ಸಲದ ಬೆಲೆ ಗೊತ್ತಿರುತ್ತದೆ. ದೇವರು ಸೀನಾಯಿ ಬೆಟ್ಟದ ಮೇಲೆ ಇಳಿದಾಗಿನ ಗುಡುಗಿಗಿಂತ ಈ ರೊಟ್ಟಿ ನನಗೆ ಹತ್ತಿರ.

ಹೆಸರಿನ ಪ್ರಶ್ನೆಗೆ ಯಹೂದಿ ಧರ್ಮಗುರುಗಳಾದ ರಬ್ಬಿಗಳು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು ಅಂತ ಆಮೇಲೆ ತಿಳಿಯಿತು. ಆದಿಕಾಂಡದ ಮೇಲೆ ರಬ್ಬಿಗಳ ಹಳೆಯ ವ್ಯಾಖ್ಯಾನವಾದ ಮಿದ್ರಾಷ್‌ನಲ್ಲಿ ಯಾಕೋಬನಿಗೆ ದೂತ ಕೊಡುವ ಉತ್ತರ ಬೇರೆಯೇ ಇದೆ. ಮುಂದೆ ನನ್ನ ಹೆಸರು ಏನಾಗುತ್ತದೋ ನನಗೇ ಗೊತ್ತಿಲ್ಲ ಅನ್ನುತ್ತಾನೆ ಅವನು. 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ವ್ಯಾಖ್ಯಾನಕಾರ ರಾಶಿ ಅದನ್ನೇ ಬಿಡಿಸಿ ಹೇಳುತ್ತಾರೆ. ನಮಗೆ ನಿಂತ ಹೆಸರಿಲ್ಲ, ಯಾವ ಕೆಲಸಕ್ಕೆ ಕಳಿಸುತ್ತಾರೋ ಅದರ ಮೇಲೆ ನಮ್ಮ ಹೆಸರು ಬದಲಾಗುತ್ತದೆ. ಅದೇ ಮಿದ್ರಾಷ್‌ನ ಇನ್ನೊಂದು ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಬ್ಬ ದೂತ ಎರಡು ಕೆಲಸ ಮಾಡುವುದಿಲ್ಲ. ಮಮ್ರೆಯ ಮರಗಳ ಕೆಳಗೆ ಅಬ್ರಹಾಮನ ಡೇರೆಗೆ ಮೂವರು ಬಂದದ್ದು ಅದಕ್ಕೇ. ಒಬ್ಬ ಸಾರಳಿಗೆ ಮಗುವಿನ ಸುದ್ದಿ ಹೇಳಲು, ಒಬ್ಬ ಅಬ್ರಹಾಮನ ಸುನ್ನತಿಯ ಗಾಯ ವಾಸಿಮಾಡಲು, ಒಬ್ಬ ಸೊದೋಮ್ ಪಟ್ಟಣವನ್ನು ಕೆಡವಲು. ಹೀಬ್ರೂ ಬೈಬಲಿನಲ್ಲಿ ಹೆಸರಿರುವ ದೂತರು ಇಬ್ಬರೇ, ಗಬ್ರಿಯೇಲ ಮತ್ತು ಮಿಕಾಯೇಲ. ಇಬ್ಬರೂ ಬರುವುದು ದಾನಿಯೇಲನ ಪುಸ್ತಕದಲ್ಲಿ. ಅದು ಕೊನೆಕೊನೆಗೆ ಸೇರಿದ ಪುಸ್ತಕ. ದೂತರ ಹೆಸರುಗಳು ನಮ್ಮ ಜೊತೆ ಬಾಬೆಲಿನಿಂದ ಬಂದವು ಅಂತ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಜೆರುಸಲೇಮಿನ ತಾಲ್ಮುದ್ ತಾನಾಗಿಯೇ ಒಪ್ಪಿಕೊಳ್ಳುತ್ತದೆ.

ಇದನ್ನು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಮತ್ತ ಆ ಹೆಣಮಗಳ ಹೆಸರೂ ಇಲ್ಲಲಾ" ಅಂದಳು. ನಿಜ. ಸಂಸೋನನ ತಾಯಿಯ ಹೆಸರನ್ನು ಬೈಬಲ್ ಎಲ್ಲೂ ಹೇಳುವುದಿಲ್ಲ. ನಾವು ದೇವರನ್ನು ಕಂಡೆವು, ಸತ್ತೇ ಹೋಗುತ್ತೇವೆ ಅಂತ ಮಾನೋಹ ನಡುಗಿದಾಗ, ಕೊಲ್ಲುವ ಮನಸ್ಸಿದ್ದರೆ ನಮ್ಮ ಬಲಿಯನ್ನು ಸ್ವೀಕರಿಸುತ್ತಿದ್ದನಾ ಅಂತ ನೆಟ್ಟಗೆ ಯೋಚಿಸಿ ಹೇಳುವವಳು ಅವಳೇ. ಹೆಸರಿಲ್ಲದವರಿಬ್ಬರು ಎರಡು ಸಲ ಭೇಟಿಯಾದರು, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಿತು. ಹೆಸರು ಬೇಕಾಗಿದ್ದು ಮಾನೋಹನಿಗೆ ಮಾತ್ರ.

ಮೇಲಿನ ಸಾಲಿನಿಂದ ಕಂಡದ್ದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮನುಷ್ಯರ ಹಾಗೆ ಕಾಣುವ ದೂತರ ಮಾತು. ಇನ್ನೊಂದು ಬಗೆಯವರಿದ್ದಾರೆ. ಅವರ ಮುಖ್ಯ ಕೆಲಸ ಸುದ್ದಿ ತರುವುದಲ್ಲ, ದೇವರ ಸಿಂಹಾಸನದ ಹತ್ತಿರ ಹಾಡುವುದು. ಉಜ್ಜೀಯ ಅರಸ ಸತ್ತ ವರ್ಷ, ಅಂದರೆ ಸುಮಾರು ಕ್ರಿ.ಪೂ. 740ರಲ್ಲಿ, ಪ್ರವಾದಿ ಯೆಶಾಯ ಅವರನ್ನು ಕಂಡ. ಆರು ರೆಕ್ಕೆಯ ಸೆರಾಫಿಯರು. ಎರಡು ರೆಕ್ಕೆಯಿಂದ ಮುಖ ಮುಚ್ಚಿಕೊಂಡಿದ್ದಾರೆ, ಎರಡರಿಂದ ಕಾಲು ಮುಚ್ಚಿಕೊಂಡಿದ್ದಾರೆ, ಎರಡರಿಂದ ಹಾರುತ್ತಿದ್ದಾರೆ. ಅಂದರೆ ಅವರ ಆರು ರೆಕ್ಕೆಗಳಲ್ಲಿ ನಾಲ್ಕು ತಮ್ಮನ್ನು ಮರೆಮಾಡಿಕೊಳ್ಳುವುದಕ್ಕೇ ಇವೆ. ಒಬ್ಬರನ್ನೊಬ್ಬರು ಕರೆದು ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು ಅನ್ನುತ್ತಿದ್ದಾರೆ. ಈ ಸಾಲು ನನಗೆ ಬಾಲ್ಯದಿಂದ ಗೊತ್ತು. ನಮ್ಮ ಚರ್ಚಿನಲ್ಲಿ ಪ್ರಭುಭೋಜನದ ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತು ಹೇಳುತ್ತೇವೆ. ಆದರೆ ಅದನ್ನು ಹೇಳುವಾಗ ಮೈ ಏನು ಮಾಡಬೇಕು ಅಂತ ನಾನು ಯೋಚಿಸಿರಲಿಲ್ಲ. ಅದನ್ನು ಕಂಡದ್ದು ಮುಂಬೈನಲ್ಲಿ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ಬೆನೆ ಇಸ್ರೇಲ್ ಯಹೂದಿ. ಕೊಂಕಣ ತೀರದಲ್ಲಿ ಎಷ್ಟೋ ತಲೆಮಾರುಗಳಿಂದ ಎಣ್ಣೆ ಗಾಣ ನಡೆಸಿಕೊಂಡು, ಮರಾಠಿ ಮಾತಾಡಿಕೊಂಡು, ಶನಿವಾರ ಗಾಣ ನಿಲ್ಲಿಸುತ್ತಿದ್ದ ಜನ. ಅವಳು ಒಂದು ಶನಿವಾರ ಬೆಳಗ್ಗೆ ದಕ್ಷಿಣ ಮುಂಬೈನ ಒಂದು ಹಳೆಯ ಪ್ರಾರ್ಥನಾ ಮಂದಿರಕ್ಕೆ, ಅಂದರೆ ಸಿನಗಾಗ್‌ಗೆ ನನ್ನನ್ನು ಕರೆದುಕೊಂಡು ಹೋದಳು. ಹೆಂಗಸರಿಗೆ ಮೇಲೆ, ಗ್ಯಾಲರಿಯಲ್ಲಿ ಜಾಗ. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಇದ್ದರು. ಕೆಳಗೆ ಗಂಡಸರು ಬಿಳಿ ಶಾಲು ಹೊದ್ದು ಅಲ್ಲಲ್ಲಿ ನಿಂತಿದ್ದರು, ಒಬ್ಬೊಬ್ಬರೂ ತಮ್ಮ ಪಾಡಿಗೆ ಮೆಲ್ಲಗೆ ಓದುತ್ತಿದ್ದರು. ಆಮೇಲೆ ಮುಂದೆ ನಿಂತವರು ಗಟ್ಟಿಯಾಗಿ ಶುರುಮಾಡಿದರು. ಒಮ್ಮೆಲೇ ಎಲ್ಲರ ಓದು ನಿಂತಿತು. ಅಜ್ಜಿ ನನ್ನ ಮೊಣಕೈ ಮುಟ್ಟಿ ಕೆಳಗೆ ತೋರಿಸಿದರು. ತಮ್ಮ ಎರಡೂ ಪಾದಗಳನ್ನು ಒಂದಕ್ಕೊಂದು ಒತ್ತಿ ನಿಂತುಕೊಂಡರು. ನಾನೂ ಹಾಗೇ ನಿಂತೆ. "ಕಾದೋಷ್", ಅಂದರೆ ಪರಿಶುದ್ಧನು, ಅನ್ನುವಾಗ ಕೆಳಗಿದ್ದ ಅಷ್ಟೂ ಬಿಳಿ ಶಾಲುಗಳು ಒಂದು ಬೆರಳಿನಷ್ಟು ಮೇಲೆದ್ದು ಇಳಿದವು. ಮತ್ತೊಂದು ಕಾದೋಷ್, ಮತ್ತೆ ಮೇಲೆ. ಮೂರು ಸಲ. ಪಾದದ ತುದಿಯ ಮೇಲೆ ಏಳುವುದು ಅದು. ಮೇಲಿನಿಂದ ನೋಡುವವಳಿಗೆ ಕಾಲು ಕಾಣುವುದಿಲ್ಲ, ಹೆಗಲು ಏಳುವುದು ಮಾತ್ರ ಕಾಣುತ್ತದೆ. ಎಂಬತ್ತು ದಾಟಿದ ಒಬ್ಬರು ಮುಂದಿನ ಬೆಂಚು ಹಿಡಿದುಕೊಂಡು ಎದ್ದರು. ನನ್ನ ಪಕ್ಕದ ಅಜ್ಜಿಯ ಹಿಮ್ಮಡಿಯೂ ನೆಲ ಬಿಟ್ಟಿತು.

ಪ್ರಾರ್ಥನೆ ಮುಗಿದು ಕೆಳಗೆ ಚಹಾ ಕೊಟ್ಟಾಗ ಅಜ್ಜಿಯನ್ನು ಕೇಳಿದೆ. ನಾನು ಬೆಳಗಾವಿಯವಳು, ಮರಾಠಿ ಬರುತ್ತದೆ. ಅವರು ಹೇಳಿದ್ದು ಇಷ್ಟು. ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಜೀವಿಗಳ ಕಾಲು ನೆಟ್ಟಗೆ ಒಂದೇ ಕಾಲಿನಂತೆ ಇದ್ದವು. ಅದಕ್ಕೆ ನಾವೂ ಕಾಲು ಜೋಡಿಸುತ್ತೇವೆ. ಅವರು ಹಾರುತ್ತಾರೆ. ನಮಗೆ ಹಾರಲು ಬರುವುದಿಲ್ಲ, ಅದಕ್ಕೆ ಹಿಮ್ಮಡಿ ಎತ್ತುತ್ತೇವೆ. ಎಷ್ಟು ಸರಳವಾಗಿ ಹೇಳಿದರು! ತಾಲ್ಮುದ್‌ನ ಬೆರಾಖೋತ್ ಭಾಗದಲ್ಲಿ ಕಾಲು ಜೋಡಿಸುವುದಕ್ಕೆ ಕೊಡುವ ಆಧಾರವೂ ಯೆಹೆಜ್ಕೇಲನ ಅದೇ ಸಾಲು.

ಕೆದುಷಾ ಅನ್ನುವ ಆ ಪ್ರಾರ್ಥನೆಯ ಕಟ್ಟನ್ನು ಆಮೇಲೆ ಬಿಡಿಸಿ ನೋಡಿದೆ. ಯೆಶಾಯನ ಸಾಲಿನ ಹಿಂದೆಯೇ ಯೆಹೆಜ್ಕೇಲನ ಸಾಲು ಬರುತ್ತದೆ. ಯೆಶಾಯನ ದರ್ಶನ ನಡೆಯುವುದು ದೇವಾಲಯದಲ್ಲಿ. ಅವನ ಸೆರಾಫಿಯರು ಭೂಮಿಯೆಲ್ಲ ಆತನ ಮಹಿಮೆಯಿಂದ ತುಂಬಿದೆ ಅನ್ನುತ್ತಾರೆ. ಯೆಹೆಜ್ಕೇಲ ಇರುವುದು ಬಾಬೆಲಿನಲ್ಲಿ, ಸೆರೆಯಾಗಿ ಹೋದವರ ನಡುವೆ, ಕೆಬಾರ್ ಕಾಲುವೆಯ ದಂಡೆಯಲ್ಲಿ. ಅವನಿಗೆ ಕಂಡ ಜೀವಿಗಳಿಗೆ ಮನುಷ್ಯ, ಸಿಂಹ, ಎತ್ತು, ಹದ್ದು ಹೀಗೆ ನಾಲ್ಕು ಮುಖ, ಪಕ್ಕದಲ್ಲಿ ಕಣ್ಣು ತುಂಬಿದ ಚಕ್ರಗಳು. ಅವನಿಗೆ ಕೇಳಿಸುವ ಘೋಷ ಬೇರೆ. ಯೆಹೋವನ ಮಹಿಮೆಗೆ ಆತನ ಸ್ಥಳದಿಂದ ಸ್ತೋತ್ರ. ಆ ಸ್ಥಳ ಎಲ್ಲಿದೆ ಅಂತ ಹೇಳುವುದಿಲ್ಲ. ದೇವಾಲಯ ಕಣ್ಣೆದುರಿಗೆ ಇದ್ದವನ ಹಾಡು ಒಂದು, ಅದರಿಂದ ದೂರ ಬಿದ್ದವನ ಹಾಡು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಸೇರಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಆ ಸಿನಗಾಗ್‌ನಂಥ ಕಡೆ ಶನಿವಾರ ಬೆಳಗಿನ ಪ್ರಾರ್ಥನೆಯ ನಂತರ ಬರುವ ಪ್ರಾರ್ಥನೆಯಲ್ಲಿ ಇನ್ನೊಂದು ಸಾಲು ಸೇರುತ್ತದೆ. ಮೇಲಿರುವ ದೂತರ ಗುಂಪು ಮತ್ತು ಕೆಳಗೆ ಕೂಡಿದ ನಿನ್ನ ಜನ ಇಬ್ಬರೂ ಸೇರಿ ನಿನಗೆ ಕಿರೀಟ ಕೊಡುತ್ತಾರೆ ಅನ್ನುವ ಸಾಲು ಅದು. ಇದು ಹೊಸ ಕಲ್ಪನೆಯಲ್ಲ. ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಎರಡು ಸಾವಿರ ವರ್ಷ ಹಳೆಯ ಸುರುಳಿಗಳಲ್ಲಿ ಸಬ್ಬತ್ತಿನ, ಅಂದರೆ ಶನಿವಾರದ ವಿಶ್ರಾಂತಿ ದಿನದ, 13 ಹಾಡುಗಳಿವೆ. ದೂತರು ಮೇಲೆ ನಡೆಸುವ ಆರಾಧನೆಯನ್ನು ಅವು ವಾರವಾರ ಹಾಡುತ್ತಾ ಹೋಗುತ್ತವೆ. ಅದೇ ಹಾಡುಗಳ ಒಂದು ತುಣುಕು ಮಸಾದ ಕೋಟೆಯಲ್ಲೂ ಸಿಕ್ಕಿದೆ.

ಬೆಳಗಿನ ಪ್ರಾರ್ಥನೆಯ ಇನ್ನೊಂದು ಕಡೆ ದೂತರು ಹಾಡುವ ಮುಂಚೆ ಒಬ್ಬರಿಗೊಬ್ಬರು ಅಪ್ಪಣೆ ಕೊಡುತ್ತಾರೆ ಅಂತ ಬರುತ್ತದೆ. ಯಾರೂ ಮುನ್ನುಗ್ಗುವುದಿಲ್ಲ. ಮುಖ ಮುಚ್ಚಿಕೊಂಡವರು, ಹೆಸರು ಹೇಳದವರು, ಪಕ್ಕದವನು ಒಪ್ಪದೆ ಬಾಯಿ ತೆರೆಯದವರು. ಎಲ್ಲ ಕಡೆ ಸ್ವಭಾವ ಒಂದೇ, ಅಲ್ವಾ?

ಅವರ ಜೊತೆ, ಅವರಿಗೆ ಅಲ್ಲ

ಇಷ್ಟೆಲ್ಲ ಹತ್ತಿರ ಇದ್ದ ಮೇಲೆ ಅವರನ್ನೇ ಬೇಡಿಕೊಳ್ಳುವ ಆಸೆ ಬರದೆ ಇರುತ್ತದಾ? ಬಂದಿದೆ. ಅದಕ್ಕೇ ಪದೇ ಪದೇ ಬೇಲಿ ಹಾಕಿದ್ದಾರೆ. ಜೆರುಸಲೇಮಿನ ತಾಲ್ಮುದ್ ದೇವರ ಮಾತಾಗಿ ನೇರವಾಗಿ ಹೇಳುತ್ತದೆ. ಕಷ್ಟ ಬಂದರೆ ಮಿಕಾಯೇಲನನ್ನು ಕೂಗಬೇಡ, ಗಬ್ರಿಯೇಲನನ್ನು ಕೂಗಬೇಡ, ನನ್ನನ್ನು ಕೂಗು. ಪಸ್ಕ ಹಬ್ಬದ ರಾತ್ರಿ ಓದುವ ಹಗ್ಗದಾ ಪುಸ್ತಕದಲ್ಲಿ ಐಗುಪ್ತದಿಂದ ಬಿಡಿಸಿದ್ದು ದೂತನಲ್ಲ, ಸೆರಾಫಿಯಲ್ಲ, ದೇವರು ತಾನೇ ಅಂತ ಒತ್ತಿ ಹೇಳುತ್ತಾರೆ. 12ನೇ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ಬರೆದ 13 ನಂಬಿಕೆಗಳಲ್ಲಿ ಐದನೆಯದೇ ಇದು. ಪೂಜೆ ದೇವರಿಗೆ ಮಾತ್ರ, ದೂತರನ್ನು ಮಧ್ಯಸ್ಥರನ್ನಾಗಿ ಮಾಡಿಕೊಳ್ಳಬಾರದು. ಆದರೂ ಯಹೂದಿ ಹೊಸ ವರ್ಷಕ್ಕೆ ಮುಂಚಿನ ಕ್ಷಮಾಪಣೆಯ ಪ್ರಾರ್ಥನೆಗಳಲ್ಲಿ, ನಮ್ಮ ಮೊರೆಯನ್ನು ಒಳಗೆ ಮುಟ್ಟಿಸಿ ಅಂತ ದೂತರನ್ನೇ ಕೇಳುವ ಒಂದು ಹಳೆಯ ಹಾಡು ಉಳಿದುಕೊಂಡಿದೆ. 16ನೇ ಶತಮಾನದಲ್ಲಿ ಪ್ರಾಗಿನ ದೊಡ್ಡ ರಬ್ಬಿ ಮಹಾರಾಲ್ ಅದನ್ನು ಒಪ್ಪಲಿಲ್ಲ. ಎಷ್ಟೋ ಕಡೆ ಜನ ಇವತ್ತಿಗೂ ಹಾಡುತ್ತಾರೆ.

ಶುಕ್ರವಾರ ರಾತ್ರಿಯ "ಶಾಲೋಮ್ ಅಲೈಖೆಮ್" ಹಾಡಿನ ಮೇಲೂ ಇದೇ ಜಗಳ. ಸಬ್ಬತ್ತಿನ ಸಂಜೆ ಸಿನಗಾಗ್‌ನಿಂದ ಮನೆಗೆ ಹೋಗುವವನ ಜೊತೆ ಒಬ್ಬ ಒಳ್ಳೆಯ ದೂತ, ಒಬ್ಬ ಕೆಟ್ಟ ದೂತ ಬರುತ್ತಾರೆ ಅಂತ ತಾಲ್ಮುದ್‌ನಲ್ಲಿದೆ. ದೀಪ ಹಚ್ಚಿ, ಊಟದ ಮೇಜು ಹಾಕಿ, ಹಾಸಿಗೆ ಸರಿ ಮಾಡಿದ್ದರೆ ಒಳ್ಳೆಯವನು ಮುಂದಿನ ವಾರವೂ ಹೀಗೇ ಇರಲಿ ಅನ್ನುತ್ತಾನೆ, ಕೆಟ್ಟವನು ಮನಸ್ಸಿಲ್ಲದಿದ್ದರೂ ಆಮೆನ್ ಅನ್ನಲೇಬೇಕು. ಮನೆ ಹಾಗಿಲ್ಲದಿದ್ದರೆ ಕೆಟ್ಟವನು ಅದೇ ಮಾತು ಹೇಳುತ್ತಾನೆ, ಒಳ್ಳೆಯವನು ಆಮೆನ್ ಅನ್ನಬೇಕು. ಆ ದೂತರನ್ನು ಸ್ವಾಗತಿಸಿ, ಆಶೀರ್ವಾದ ಕೇಳಿ, ಬೀಳ್ಕೊಡುವ ಹಾಡು ಇದು. ಆಶೀರ್ವದಿಸಿ ಅಂತ ದೂತರನ್ನು ಕೇಳುವ ಸಾಲು ಬೇಡ ಅಂತ ಕೆಲವು ರಬ್ಬಿಗಳು ಹೇಳಿದರು. ಬೇಲಿ ಹಾಕಿದವರ ಕಡೆಯೇ ನಾನು. ಬೇಡಿಕೊಳ್ಳತೊಡಗಿದರೆ ದೂತನಿಗೆ ಹೆಸರು ಬೇಕಾಗುತ್ತದೆ, ಆಮೇಲೆ ಮೂರ್ತಿ, ಆಮೇಲೆ ಹರಕೆ. ಮಾನೋಹ ಹೆಸರು ಕೇಳಿದ್ದೂ ಸನ್ಮಾನ ಮಾಡುವುದಕ್ಕೇ. ದೂತ ಅದನ್ನು ಅಲ್ಲೇ ತಡೆದ. ಮಲಗುವ ಮುಂಚೆ ಹೇಳುವ ಯಹೂದಿ ಪ್ರಾರ್ಥನೆಯಲ್ಲಿ ಬಲಕ್ಕೆ ಮಿಕಾಯೇಲ, ಎಡಕ್ಕೆ ಗಬ್ರಿಯೇಲ, ಮುಂದೆ ಊರಿಯೇಲ, ಹಿಂದೆ ರಫಾಯೇಲ, ತಲೆಯ ಮೇಲೆ ದೇವರ ಸಾನ್ನಿಧ್ಯ ಅಂತ ಒಂದು ಮಾತಿದೆ. ಅದು ನನಗೆ ಬಹಳ ಇಷ್ಟ. ಅಲ್ಲಿ ಆ ನಾಲ್ವರನ್ನು ಏನೂ ಕೇಳುವುದಿಲ್ಲ. ಇದ್ದಾರೆ ಅನ್ನುತ್ತಾರೆ, ಅಷ್ಟೇ.

ಕಾಯುವವರು ಯಾರು?

ರಬ್ಬಿಗಳ ಕಥೆಗಳಲ್ಲಿ ದೂತರಿಗೆ ಕೆಲವೊಮ್ಮೆ ಬೈಗುಳವೂ ಬೀಳುತ್ತದೆ. ಕೆಂಪು ಸಮುದ್ರದಲ್ಲಿ ಐಗುಪ್ತದವರು ಮುಳುಗುವಾಗ ದೂತರು ಹಾಡಲು ಹೊರಟರಂತೆ. ನನ್ನ ಕೈಯಿಂದ ಮಾಡಿದವರು ನೀರಿನಲ್ಲಿ ಮುಳುಗುತ್ತಿದ್ದಾರೆ, ನೀವು ಹಾಡುತ್ತೀರಾ ಅಂತ ದೇವರು ತಡೆದ. ಶತ್ರುವಿನ ಸಾವಿನ ಬಗ್ಗೆ ಇಷ್ಟು ನೇರವಾದ ಮಾತನ್ನು ಗೆದ್ದವರ ಕಡೆಯವರೇ ಬರೆದಿಟ್ಟುಕೊಂಡಿದ್ದಾರೆ ಅನ್ನುವುದನ್ನು ಈ ಕಾಲದಲ್ಲಿ ನಾವೆಲ್ಲ ಸ್ವಲ್ಪ ನೆನಪಿಡಬೇಕು. ಇನ್ನೊಂದು ಕಥೆಯಲ್ಲಿ ಮೋಶೆ ಧರ್ಮಶಾಸ್ತ್ರ ತರಲು ಮೇಲೆ ಹೋದಾಗ ದೂತರು ತಕರಾರು ತೆಗೆಯುತ್ತಾರೆ. ಇಂಥ ನಿಧಿಯನ್ನು ಮನುಷ್ಯರಿಗೆ ಕೊಡುತ್ತೀಯಾ ಅನ್ನುತ್ತಾರೆ. ನೀನೇ ಉತ್ತರ ಕೊಡು ಅನ್ನುತ್ತಾನೆ ದೇವರು. ಮೋಶೆ ಒಂದೊಂದೇ ಆಜ್ಞೆ ಓದಿ ಕೇಳುತ್ತಾನೆ. ನೀವು ಐಗುಪ್ತದಲ್ಲಿ ಗುಲಾಮರಾಗಿದ್ದಿರಾ? ನೀವು ಕೆಲಸ ಮಾಡುತ್ತೀರಾ, ವಿಶ್ರಾಂತಿಯ ದಿನ ನಿಮಗೆ ಬೇಕಾಗುವುದಕ್ಕೆ? ನಿಮಗೆ ತಂದೆತಾಯಿ ಇದ್ದಾರಾ? ದೂತರ ಹತ್ತಿರ ಉತ್ತರವಿಲ್ಲ. ಕೊನೆಗೆ ಅವರೇ ಮೋಶೆಯ ಸ್ನೇಹಿತರಾಗುತ್ತಾರೆ.

ತಾಲ್ಮುದ್‌ನ ಹುಲ್ಲಿನ್ ಅನ್ನುವ ಭಾಗದಲ್ಲಿ ಯಾಕೋಬನ ಕುಸ್ತಿಗೂ ಒಂದು ಕಾರಣ ಇದೆ. ಬೆಳಗಾಯಿತು, ನನ್ನನ್ನು ಬಿಡು ಅಂತ ದೂತ ಗೋಗರೆದದ್ದು ಯಾಕೆ? ಅವನು ಹುಟ್ಟಿದಾಗಿನಿಂದ ಮೇಲೆ ಹಾಡುವ ಸರದಿ ಅವತ್ತೇ ಮೊದಲ ಸಲ ಬಂದಿತ್ತಂತೆ. ಅದೇ ಪುಟದಲ್ಲಿ ಇನ್ನೊಂದು ಮಾತಿದೆ. ಕೆಳಗೆ ಇಸ್ರಾಯೇಲರು ಹಾಡುವವರೆಗೆ ಮೇಲಿನ ದೂತರು ಹಾಡು ಶುರುಮಾಡುವುದಿಲ್ಲ. ಅಷ್ಟೂ ರೆಕ್ಕೆಗಳು, ಕಣ್ಣು ತುಂಬಿದ ಚಕ್ರಗಳು, ಸೆರಾಫಿಯರು, ಎಲ್ಲರೂ ಕಾಯುತ್ತಾರೆ.

ಹಾಗಾದರೆ ಕೆಳಗಿನವರದು ಸಣ್ಣ ಜವಾಬ್ದಾರಿಯಲ್ಲ. ಸಂಪ್ರದಾಯದ ಪ್ರಕಾರ ಕೆದುಷಾ ಹೇಳಲು ಹದಿಮೂರು ವರ್ಷ ತುಂಬಿದ ಹತ್ತು ಗಂಡಸರು ಬೇಕು, ಒಂಬತ್ತು ಸಾಲದು. ಮುಂಬೈನ ಹೆಚ್ಚಿನ ಯಹೂದಿ ಕುಟುಂಬಗಳು ಇಸ್ರೇಲಿಗೆ ಹೋಗಿಬಿಟ್ಟಿವೆ, ಉಳಿದವರಲ್ಲಿ ತುಂಬ ಜನ ಠಾಣೆಯ ಕಡೆ ಮನೆ ಮಾಡಿದ್ದಾರೆ. ಹಳೆಯ ಊರಿನ ಸಿನಗಾಗ್‌ಗಳಲ್ಲಿ ಹತ್ತು ಜನ ಕೂಡಿಸುವುದೇ ಕಷ್ಟ. ನಾನು ಹೋದ ಶನಿವಾರ ಜನ ಸಾಕಷ್ಟಿದ್ದರು. ವಾರದ ನಡುವೆ ಹಾಗಿರುವುದಿಲ್ಲ, ಹಿಂದಿನ ರಾತ್ರಿಯೇ ಮನೆಮನೆಗೆ ಫೋನ್ ಮಾಡಬೇಕಾಗುತ್ತದೆ ಅಂದರು ಅಜ್ಜಿ. ಅವರ ತಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೂ ಒಂಬತ್ತು ಜನ ಆಗಿದ್ದಾರೆ ಅಂತ ಫೋನ್ ಬಂದರೆ ಆತ ಟ್ಯಾಕ್ಸಿ ಮಾಡಿಕೊಂಡು ಬರುತ್ತಾರಂತೆ.